ಸುಮಿಮಾಸೆನ್‌ಗೆ ತಟ್ಟಿದ ಚಪ್ಪಾಳೆ

ಇಡೀ ಮೈದಾನದಲ್ಲಿ ಚಪ್ಪಾಳೆ ತಟ್ಟುತ್ತಿದ್ದವಳು ನಾನೊಬ್ಬಳೇ! ಕೋವಿಡ್ ಕಾಲ. ಜಪಾನಿನ ಸೆಂಡಾಯ್‌ನಲ್ಲಿ ನನ್ನವರು ಸಂಶೋಧನೆ ಮಾಡುವ ವಿಶ್ವವಿದ್ಯಾಲಯದಲ್ಲಿ ಆ ಸೀಸನ್ನಿನ ಅತ್ಯುತ್ತಮ ಕಾಲೇಜು ಬೇಸ್‌ಬಾಲ್ ಆಟಗಾರರಿಗೆ ಸನ್ಮಾನವಿತ್ತು. ಕೂಗುವಂತಿಲ್ಲ, ಚಪ್ಪಾಳೆ ಮಾತ್ರ. ಅತ್ಯುತ್ತಮ ಪಿಚರ್, ಅಂದರೆ ಚೆಂಡೆಸೆಯುವವ, ಎನಿಸಿಕೊಂಡ ಯುವಕ ತಟ್ಟೆಯಲ್ಲಿದ್ದ ಪದಕವನ್ನು ತಾನೇ ಕೊರಳಿಗೆ ಹಾಕಿಕೊಂಡು, ಸೊಂಟದವರೆಗೆ ಬಗ್ಗಿ ಏನೋ ಹೇಳಿದ. ನನಗೆ ತಿಳಿದದ್ದು "ಸುಮಿಮಾಸೆನ್" ಒಂದೇ. ಯಾರಾದರೂ ನನಗಾಗಿ ಬಾಗಿಲು ತೆರೆದು ಹಿಡಿದರೆ ಥ್ಯಾಂಕ್ಸ್ ಎನ್ನುವ ಬದಲು ದಿನವೂ ನಾನು ಹೇಳುವ ಮಾತದು. ಎಂಥ ವಿನಯ ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದೆ.

ಪಕ್ಕದಲ್ಲಿದ್ದ, ಜಪಾನಿ ಬಲ್ಲ ಮಗಳು ಗಬಕ್ಕನೆ ನನ್ನ ಕೈ ಹಿಡಿದಳು. "ಅಮ್ಮಾ, ಸ್ಟಾಪ್! ಹೀ ಈಸ್ ಸೇಯಿಂಗ್ ಸಾರಿ. ಅವ್ನಿಗೆ ಕೊರೊನಾ ಬಂತಂತೆ, ಸೋ ಟೀಮ್ ಫೈನಲ್ ಆಡ್ಲಿಲ್ಲ."

ಜ್ವರ ಬಂದದ್ದಕ್ಕೆ ಕ್ಷಮೆಯೇ? ಅದೂ ಪದಕ ಹಾಕಿಕೊಂಡು? ಬಗ್ಗಿದವನು ಇನ್ನೂ ಎದ್ದಿರಲಿಲ್ಲ. "ಹೋಗ್ಲಿ ಬಿಡಪ್ಪಾ" ಎನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಈಗ ಯಾರು ಬಾಗಿಲು ಹಿಡಿದರೂ ಥ್ಯಾಂಕ್ಸ್‌ಗೆಂದೇ ಇರುವ ಅರಿಗಾತೋ ಎನ್ನುತ್ತೇನೆ. ಆ ಇನ್ನೊಂದು ಮಾತು ನಾಲಿಗೆಗೆ ಬಂದರೆ ಇವತ್ತಿಗೂ ಅಂಗೈ ಉರಿಯುತ್ತದೆ.