ದೊಡ್ಡವ್ವನ ಸಂತೆ ಚೀಲ

ಇವತ್ತು ಸಂತೆಯಿಂದ ಬಂದು ಚೀಲ ಬಿಚ್ಚಿದಾಗ ಮೆಂತ್ಯ ಸೊಪ್ಪಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ದೊಡ್ಡವ್ವ ನೆನಪಾದಳು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಪ್ರತಿ ಕಟ್ಟನ್ನೂ ಮೂಸಿ ನೋಡಿಯೇ ಕೊಳ್ಳುತ್ತಿದ್ದವಳು ಅವಳು...

ಉಜ್ಜಿನಿಯಲ್ಲಿದ್ದ ಅವಳ ತಾಯಿಗೆ ಕೊನೆಗಾಲದಲ್ಲಿ ಮರೆವು ಹತ್ತಿತ್ತು. ಹೆತ್ತ ಮಗಳನ್ನೇ "ನೀ ಯಾರವ್ವ?" ಎಂದು ಕೇಳಿದ್ದಳಂತೆ. ಆಮೇಲೆ ಅವಳ ಅಕ್ಕನಿಗೂ ಅದೇ ಆಯಿತು. ಮುಂದಿನ ಸರದಿ ತನ್ನದೆಂಬ ಹೆದರಿಕೆ ದೊಡ್ಡವ್ವನಿಗೆ. ಹರಪನಹಳ್ಳಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು ಬಿ.ಪಿ. ನೋಡಿ, ಕಿವಿ ನೋಡಿ ಹೇಳಿದರು: "ಇದನ್ನ ತಡಿಯೋ ಗುಳಿಗಿ ಇಲ್ರಿ ಯಮ್ಮಾ. ಕಿವಿ ಮಂದ ಆಗ್ಯಾವು, ಮಿಷನ್ ಹಾಕ್ಕೊಳ್ರಿ, ದಿನಾ ನಡೀರಿ, ನಾಕು ಮಂದಿ ಕೂಡ ಮಾತಾಡ್ರಿ. ಮಾಡೋ ಕೆಲಸ ಬಿಡಬ್ಯಾಡ್ರಿ. ಬರೋದೇ ಇಲ್ಲ ಅಂತ ಹೇಳಾಕ ಬರಂಗಿಲ್ಲ, ಆದ್ರ ನಿಮ್ಮ ಕೈಯಾಗ ಇರೋದು ಇಷ್ಟು."

ದೊಡ್ಡವ್ವ ಅದನ್ನು ವ್ರತದಂತೆ ಹಿಡಿದಳು. ಬೆಳಿಗ್ಗೆ ಕೆರೆ ಏರಿಯವರೆಗೆ ನಡಿಗೆ. ಮನೆಮಂದಿಗೆಲ್ಲ ರೊಟ್ಟಿ ತಾನೇ ಬಡಿಯುವಳು. ಸಂತೆಯ ದಿನ ಏನೇನು ಬೇಕೆಂಬುದನ್ನು ತಲೆಯಲ್ಲೇ ಇಟ್ಟುಕೊಂಡು ಹೋಗಿ, ಚೌಕಾಸಿ ಮಾಡಿ, ಬದನೆಕಾಯಿ ಮಾರುವವಳ ಮನೆಯ ಕಥೆಯನ್ನೆಲ್ಲ ಕೇಳಿಕೊಂಡು ಬರುವಳು. ನಾನು ತಮಾಷೆ ಮಾಡಿದರೆ, "ನಗಬ್ಯಾಡವ್ವ, ನಾ ನಿನ್ನ ಮರತಾಗ ನೀನೇ ಅಳ್ತಿ" ಎನ್ನುತ್ತಿದ್ದಳು.

ಆದರೆ ಓಣಿಯ ಬಾಯಿಗೆ ಬೀಗ ಹಾಕುವವರು ಯಾರು? ನಮ್ಮಲ್ಲಿ ಸೊಸೆ ಬಂದ ಮೇಲೆ ಅತ್ತೆ ಕುಳಿತು ಉಣ್ಣಬೇಕು, ಅದೇ ಮನೆತನದ ಮರ್ಯಾದೆ. "ಸೊಸಿ ಇದ್ದೂ ಮುದುಕಿ ಚೀಲ ಹೊತ್ಕೊಂಡು ತಿರಗತಾಳ ನೋಡ್ರಿ" ಎಂಬ ಮಾತು ನಲ್ಲಿಯ ಹತ್ತಿರ ಹುಟ್ಟಿ ಸೊಸೆಯ ತವರನ್ನೂ ಮುಟ್ಟಿತು. ಆ ಸೊಸೆ ಕೆಟ್ಟವಳಲ್ಲ. ದೊಡ್ಡವ್ವನ ಕಾಲು ಹಿಡಿದು ಅತ್ತಳು. "ನಮ್ಮ ಮಾನ ಕಳೀಬ್ಯಾಡ್ರಿ ಅತ್ತಿ, ನೀವು ಕುಂದರ್ರಿ, ನಾ ಮಾಡ್ತೀನಿ." ಡಾಕ್ಟರ ಮಾತನ್ನು ನಾನು ನೆನಪಿಸಿದೆ. "ಮಂದಿಗೆಲ್ಲ ಹ್ಯಾಂಗ ತಿಳಿಸಿ ಹೇಳೋದು ಅಕ್ಕಾ?" ಎಂದ ದೊಡ್ಡವ್ವನ ಮಗ.

ದೊಡ್ಡವ್ವ ಕುಳಿತಳು. ಹೊಸ ಕುರ್ಚಿ, ಎದುರಿಗೆ ಟಿ.ವಿ., ಕೂತಲ್ಲಿಗೇ ಊಟದ ತಾಟು. ಮಾತಾಡುವವರಿಲ್ಲದೆ ಕಿವಿಯ ಮಿಷನ್ ಗೋಡೆಯ ಗೂಡು ಸೇರಿತು. "ಎಂಥಾ ಪುಣ್ಯವಂತಿ" ಎಂದರು ಅದೇ ಓಣಿಯವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಡೆದಾಡಿಕೊಂಡಿದ್ದಿದ್ದರೆ ಮರೆವು ದೂರವೇ ಇರುತ್ತಿತ್ತೋ ಏನೋ... ಯಾರು ಹೇಳಬಲ್ಲರು? ಒಂದೆರಡು ವರ್ಷ ಕಳೆದ ಮೇಲೆ ಒಂದು ದಿನ ಮೆಂತ್ಯ ಸೊಪ್ಪು ಒಯ್ದು ಕೈಗಿಟ್ಟೆ. ಮೂಸಲಿಲ್ಲ. ನನ್ನ ಮುಖ ನೋಡಿ, "ನೀ ಯಾರವ್ವ?" ಎಂದಳು. ಅವಳು ಹೇಳಿದ್ದಂತೆಯೇ ಅಲ್ಲೇ ಕುಳಿತು ಅತ್ತುಬಿಟ್ಟೆ.

ಈಗ ದೊಡ್ಡವ್ವ ಇಲ್ಲ. ಆ ಕುರ್ಚಿ ಪಕ್ಕದ ಮನೆಯ ಪಡಸಾಲೆಯಲ್ಲಿ ಹಾಗೇ ಇದೆ. ನನ್ನ ಮನೆಗೂ ಸೊಸೆ ಬಂದಿದ್ದಾಳೆ. ಚೀಲ ಬಿಚ್ಚುತ್ತಿದ್ದ ನನ್ನ ಕೈ ಹಿಡಿದು, "ಇನ್ಮ್ಯಾಲೆ ಸಂತಿಗೆ ನಾ ಹೋಗ್ತೀನಿ ಅತ್ತಿ, ಓಣ್ಯಾಗ ಮಂದಿ ಏನಂತಾರ?" ಎಂದಳು.

"ಅಂದ್ರ ಅನ್ಲಿ ಬಿಡವ್ವ. ನಾ ನಿನ್ನ ಹೆಸರು ಮರತ ದಿನ ಈ ಚೀಲ ಇಸ್ಕೊಳ್ಳುವಂತಿ" ಎಂದೆ. ನಗುತ್ತಾ ಹೇಳಬೇಕೆಂದುಕೊಂಡಿದ್ದೆ. ಆಗಲಿಲ್ಲ.