ಅತ್ತೆಯ ಕೈ ನಿಲ್ಲಿಸಿದ ಪುಸ್ತಕ

ಮೊನ್ನೆ ಪುಸ್ತಕದ ಬೀರು ತೆರೆದರೆ ಏಲಕ್ಕಿಯ ವಾಸನೆ ಬಂತು. ಅದರಲ್ಲೇನು ವಿಶೇಷ ಎನ್ನುತ್ತೀರಿ. ತಮಿಳು ಸೀಮೆಯ ಏಲಕ್ಕಿ ಪೇಟೆಯಾದ ನಮ್ಮ ಬೋಡಿನಾಯಕನೂರಿನಲ್ಲಿ ಯಾವ ಬಾಗಿಲು ತೆರೆದರೂ ಅದೇ ವಾಸನೆ. ಬಸ್ಸಿನ ಸೀಟಿಗೂ ಇದೆ, ಮಕ್ಕಳ ಯೂನಿಫಾರ್ಮಿಗೂ ಇದೆ. ಆದರೆ ಇದು ಒಂದು ತೆಳ್ಳನೆಯ ಚಿತ್ರಪುಸ್ತಕದೊಳಗಿಂದ ಬಂದದ್ದು. ತೆರೆದು ನೋಡಿದೆ. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿದ ಮೇಕೆಯ ಕಿವಿಯ ಮೇಲೆ ಒಂದು ಏಲಕ್ಕಿ ಸಿಪ್ಪೆ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ಬೀರು ತೆರೆಸಿದವಳು ನನ್ನ ತಂಗಿಯ ಮಗಳು ಸೆಲ್ವಿ. ಪೆರಿಯಕುಳಂನಿಂದ ಒಂದು ಚೀಲ ಬಾಳೆಹಣ್ಣು ಹೊತ್ತು, ಜೊತೆಗೆ ಐದು ವರ್ಷದ ಮಗಳು ನಿಲಾಳನ್ನೂ ಕರೆದುಕೊಂಡು ಬಂದಿದ್ದಳು. ಚಪ್ಪಲಿ ಬಿಡುತ್ತಲೇ ಶುರು:

"ದೊಡ್ಡಮ್ಮಾ, ಇವಳು ಫೋನು ಕೊಡ್ದೆ ಇದ್ರೆ ಸೋರೇ ತಿನ್ನಲ್ಲ, ಅನ್ನದ ತಟ್ಟೆ ಹಂಗೇ ಇರ್ತದೆ. ನಾಕು ಒಳ್ಳೆ ಪುಸ್ತಕದ ಹೆಸರು ಹೇಳು. ನಮ್ಮ ಸೊಂದದಲ್ಲೆಲ್ಲ ನಿನ್ನೇ ಕೇಳು ಅಂತಾರೆ."

ಹೌದು, ನೆಂಟರಲ್ಲಿ ನನಗೆ ಆ ಹೆಸರಿದೆ. ಮಕ್ಕಳ ಪುಸ್ತಕ ಆರಿಸುವುದರಲ್ಲಿ ನಾನು ಎತ್ತಿದ ಕೈಯಂತೆ. ಆ ಹೆಸರನ್ನು ನಾನು ಗಳಿಸಿದ್ದಲ್ಲ ಎಂಬುದು ನಮ್ಮ ಮನೆಯ ಮೂವರಿಗೆ ಗೊತ್ತು: ನನಗೆ, ನನ್ನ ಮಗಳು ಕಯಲ್‌ಗೆ, ನನ್ನ ಅತ್ತೆಗೆ.

ಅತ್ತೆಯ ಬಗ್ಗೆ ಹೇಳಿಬಿಡುತ್ತೇನೆ. ಕಯಲ್‌ಗೆ ಆಗ ಏಳು ವರ್ಷ. ವ್ಯಾಪಾರದ ಮಂಡಿಯಿಂದ ಏಲಕ್ಕಿ ಚೀಲ ಆರಿಸಿಕೊಡಲೆಂದು ಮನೆಗೆ ಬರುತ್ತಿತ್ತು. ಅತ್ತೆ ಸಂಜೆ ಮೊರ ಮಡಿಲಿಗಿಟ್ಟುಕೊಂಡು ಕೂತರೆ ಬಿರಿದದ್ದು ಒಂದು ಕಡೆ, ಕಪ್ಪಾದದ್ದು ಒಂದು ಕಡೆ, ದಪ್ಪ ಹಸಿರು ಕಾಯಿ ಮುಂದಿನ ತಟ್ಟೆಗೆ. ಕಣ್ಣು ಮಾತ್ರ ಟೀವಿಯ ಮೇಲೆ. ಆ ಕೈಗೆ ಕಣ್ಣಿನ ಹಂಗೇ ಇರಲಿಲ್ಲ. ಧಾರಾವಾಹಿಯಲ್ಲಿ ಸೊಸೆ ಮಾವನ ಹಾಲಿಗೆ ವಿಷ ಬೆರೆಸುತ್ತಿದ್ದರೂ ತಟ್ಟೆಯಲ್ಲಿ ಟಕ್ ಟಕ್ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕಯಲ್ ಬಾಯಿ ತೆರೆದುಕೊಂಡು ಅದೇ ವಿಷವನ್ನು ನೋಡುತ್ತ ಕೂತಿರುತ್ತಿದ್ದಳು. ಅಜ್ಜಿ ನಮ್ಮ ಮನೆಮಾತು ಕನ್ನಡದಲ್ಲಿ ಏನಾದರೂ ಕೇಳಿದರೆ, ಕಣ್ಣು ಕೀಳದೆ ತಮಿಳಿನಲ್ಲಿ "ತೆರಿಯಾದು ಅಪ್ಪತ್ತಾ" ಎನ್ನುವಳು. ಗೊತ್ತಿಲ್ಲ ಅಜ್ಜೀ ಎಂದು. ಅರ್ಥವೆಲ್ಲ ಆಗುತ್ತಿತ್ತು, ನಾಲಿಗೆ ಮಾತ್ರ ತಿರುಗುತ್ತಿರಲಿಲ್ಲ.

ಆ ಒಂದು ತಾಸು ನನಗೆ ಬೇಕಾಗಿತ್ತು. ಟೀವಿಯಿಂದ ಅದನ್ನು ಕಿತ್ತುಕೊಂಡು ಮಗಳಿಗೆ ಪುಸ್ತಕ ಓದಬೇಕೆಂದು ಆಸೆ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅತ್ತೆ ನನ್ನ ಕಡೆ ತಿರುಗಲೂ ಇಲ್ಲ.

"ಈ ನಾಟಕ ಹತ್ತು ವರ್ಷ ನೋಡ್ದೆ. ಒಂದು ದಿನಾನಾರ ನನ್ನ ಕೈ ನಿಂತದ್ದು ಕಂಡಿದ್ಯಾ? ಕೈ ನಿಲ್ಲಸೋ ಪುಸ್ತಕ ತಗಂಡು ಬಾ. ಅವತ್ತಿಂದ ಟೀವಿ ಆರ್ಸಿಬಿಡ್ತೀನಿ. ಆಗದಿಲ್ವಾ, ಸುಮ್ನೆ ಹೋಗಿ ರಸ ಇಡು."

ಇಷ್ಟು ಸುಲಭದ ಪಂಥವೇ ಎಂದುಕೊಂಡೆ. ನನ್ನ ಅಪ್ಪ ಮೈಸೂರಿನಲ್ಲಿ ಏಲಕ್ಕಿ ಅಂಗಡಿ ಇಟ್ಟಿದ್ದರಿಂದ ನಾನು ಅಲ್ಲಿ ಶಾಲೆಗೆ ಹೋದವಳು. ಈ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಮಿಕ್ಕವರಿಗೆ ಮಾತು ಕನ್ನಡ, ಅಕ್ಷರ ತಮಿಳು. ಕನ್ನಡದ ಮನೆಗೆ ಕನ್ನಡದ ಪುಸ್ತಕ ಎಂದು ಲೆಕ್ಕ ಹಾಕಿ, ಮೈಸೂರಿಗೆ ಹೋದಾಗ ಒಂದು ಕಟ್ಟು ತಂದೆ. ಗಂಟಲು ಸರಿಮಾಡಿಕೊಂಡು, "ಸಕಲ ಸಂಪತ್ತಿನಿಂದ ಕೂಡಿದ ರಾಜ್ಯವೊಂದರಲ್ಲಿ ಧರ್ಮಿಷ್ಠನಾದ ಅರಸನೊಬ್ಬನು" ಎಂದು ಶುರುಮಾಡಿದೆನೋ ಇಲ್ಲವೋ, ಅತ್ತೆ ಕೇಳಿದರು:

"ಇದ್ಯಾಕೆ ತಾಯಿ, ನಮ್ಮ ಮಾತಿಗೆ ಹಿಂಗೆ ಇಸ್ತ್ರಿ ಹಾಕಿದ್ದೀಯ?"

ಟಕ್ ಟಕ್ ನಡೆದೇ ಇತ್ತು.

ಆಮೇಲೆ ತೇನಿಯ ಗ್ರಂಥಾಲಯದಿಂದ ತಮಿಳು ನೀತಿಕತೆಗಳು ಬಂದವು. ನಾನೂ ಜಾಣೆ, ತಮಿಳು ನೋಡಿಕೊಂಡು ಮನೆಮಾತಿನಲ್ಲಿ ಹೇಳುತ್ತಿದ್ದೆ. ನರಿ ಕಾಣಿಸಿಕೊಂಡ ಕೂಡಲೇ ಅತ್ತೆ, "ಸುಳ್ಳು ಹೇಳಬಾರದು, ಅಷ್ಟೇ ತಾನೆ? ಅದಕ್ಕೆ ಆ ನರೀನ ಯಾಕೆ ಬಾವಿಗೆ ತಳ್ತಾರೆ, ಪಾಪ!" ಎಂದು ಕತೆಯನ್ನು ಮುಗಿಸಿಬಿಟ್ಟರು. ಛಲ ಬಿಡದೆ ಗ್ರಹಗಳ ಬಗ್ಗೆ ದಪ್ಪನೆಯ ಅರಿವಿನ ಪುಸ್ತಕ ತಂದೆ. ಶನಿಯ ಬಳೆಯ ಹತ್ತಿರ ಬರುವಷ್ಟರಲ್ಲಿ ಕಯಲ್ ಗೊರಕೆ ಹೊಡೆಯುತ್ತಿದ್ದಳು. "ಒಳ್ಳೆ ಪುಸ್ತಕ. ದಿನಾ ಓದು, ಮಗು ಬೇಗ ಮಲಗ್ತದೆ" ಎಂದು ಅತ್ತೆಯ ಪ್ರಶಸ್ತಿ ಸಿಕ್ಕಿತು.

ಈಗ ಯೋಚಿಸಿದರೆ ನಗು ಬರುತ್ತದೆ. ನಾನು ಪುಸ್ತಕ ಆರಿಸುತ್ತಿದ್ದದ್ದು ಕಷಾಯ ಆರಿಸಿದ ಹಾಗೆ: ಕಹಿಯಾಗಿದ್ದಷ್ಟೂ ಒಳ್ಳೆಯದು. ಮಗು ಅದನ್ನು ಇನ್ನೊಮ್ಮೆ ಕೇಳುತ್ತದೆಯೇ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಒಂದು ಮದುವೆಗೆಂದು ದಿಂಡಿಗಲ್ಲಿಗೆ ಹೋಗಿದ್ದೆವು. ಛತ್ರದ ಎದುರಿಗೇ ಒಂದು ಪುಸ್ತಕದ ಅಂಗಡಿ. ನಾನು ಮಹಾಪುರುಷರ ಜೀವನಚರಿತ್ರೆಗಳ ಮುಂದೆ ನಿಂತಿದ್ದರೆ ಕಯಲ್ ಕೆಳಗಿನ ಸಾಲಿನಿಂದ ಈ ಮೇಕೆಯ ಪುಸ್ತಕ ಎಳೆದಳು. ಮೂಲೆ ಹರಿದಿತ್ತು. ತಿರುವಿ ನೋಡಿದೆ: ಹಾಳೆಗೆ ಎರಡೇ ಸಾಲು, ನೀತಿಯಿಲ್ಲ, ಅರಿವಿಲ್ಲ, ಬಸ್ಸು ಹತ್ತಿದ ಒಂದು ಮೇಕೆ. ಬೇಡ ಎಂದೆ. ಬೀಗಕ್ಕೆ ಹೆಸರಾದ ಊರಲ್ಲವೇ, ದಿಂಡಿಗಲ್ಲಿನ ಬೀಗ ಹಾಕಿದ ಹಾಗೆ ಬಾಯಿ ಮುಚ್ಚಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಛತ್ರದಲ್ಲಿ ಪಂಕ್ತಿ ಏಳುತ್ತಿತ್ತು. ಪಾಯಸ ತಪ್ಪೀತೆಂಬ ಭಯಕ್ಕೆ ಆ ಪುಸ್ತಕ ಕೊಂಡೆ, ಅದೇ ನಿಜ.

ಮರುದಿನ ಸಂಜೆ ಅತ್ತೆ ಮೊರ, ಟೀವಿ ಎರಡಕ್ಕೂ ಕೂತರು. ನಾನು ಸೋತವಳು, ಅಡುಗೆಮನೆಯಲ್ಲಿದ್ದೆ. ಕಯಲ್ ತಾನೇ ಗಟ್ಟಿಯಾಗಿ ತಮಿಳಿನಲ್ಲಿ ಓದತೊಡಗಿದಳು. ಮುದುಕಿಯೊಬ್ಬಳು ಮೇಕೆಯ ಜೊತೆ ಘಟ್ಟದ ಬಸ್ಸು ಹತ್ತುತ್ತಾಳೆ. ಕಂಡಕ್ಟರ್ ಮೇಕೆಗೂ ಟಿಕೆಟ್ ತೆಗೆ ಎನ್ನುತ್ತಾನೆ. ಇನ್ನು ಮುದುಕಿ ಜವಾಬು ಹೇಳಬೇಕು. ಅಲ್ಲಿ ಕಯಲ್ ನಿಂತಳು. ಚಿತ್ರದ ಮುದುಕಿಯನ್ನು ನೋಡಿದಳು: ಜೋತ ಕಿವಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮುಂದೆ ಚಾಚಿದ ಗದ್ದ. ಪಕ್ಕದಲ್ಲಿದ್ದ ಅಜ್ಜಿಯನ್ನು ನೋಡಿದಳು. ಆಮೇಲೆ ಗದ್ದ ಮುಂದೆ ಚಾಚಿ, ನಮ್ಮ ಮನೆಮಾತಿನಲ್ಲಿ, ಹುಟ್ಟಿದಾಗಿನಿಂದ ಒಂದು ಪೂರಾ ವಾಕ್ಯ ಆಡದಿದ್ದ ಆ ಮಾತಿನಲ್ಲಿ ಕೂಗಿದಳು:

"ಏ ಕಂಡಕ್ಟರಪ್ಪಾ! ಮೇಕೆಗೂ ಟಿಕೀಟಾ? ಅದೇನು ನಿನ್ನ ಸೀಟಲ್ಲಿ ಕೂತದಾ? ನಿಂತ್ಕಂಡು ತಾನೆ ಬತ್ತಾ ಅದೆ! ನಿಮ್ಮವ್ವ ನಿಂಗೆ ನ್ಯಾಯ ಹೇಳ್ಕೊಡ್ಲಿಲ್ವಾ?"

ತಟ್ಟೆಯ ಸದ್ದು ನಿಂತಿತು.

ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಅತ್ತೆಯ ಬೆರಳುಗಳ ನಡುವೆ ಒಂದು ಏಲಕ್ಕಿ ಹಾಗೆಯೇ ಇತ್ತು.

"ಯಾರ್ನ ಕಿಂಡಲ್ ಮಾಡ್ತಿದ್ದೀಯೇ, ಪೋಕರಿ?"

"ನಿನ್ನಲ್ಲ ಅವ್ವಾ. ಈ ಅಜ್ಜೀನ." ಅಪ್ಪತ್ತಾ ಎನ್ನುತ್ತಿದ್ದವಳು ಈಗ ಅಜ್ಜಿಗೆ ಅವ್ವಾ ಎಂದಿದ್ದಳು.

"ಹ್ಞೂಂ. ಅದಕ್ಕೆ ಆ ಕಂಡಕ್ಟರು ಏನಂದ?"

"ಮಡ್ಲಲ್ಲಿ ಕೂರಿಸ್ಕಂಡ್ರೆ ಫ್ರೀ ಅಂದ."

"ಆಯಪ್ಪನ ಮಡ್ಲಲ್ಲಾ, ಇವಳ ಮಡ್ಲಲ್ಲಾ?"

ಕಯಲ್ ನಕ್ಕು ನಕ್ಕು ಪುಸ್ತಕದ ಮೇಲೆ ಬಿದ್ದಳು. ಅತ್ತೆ ಮೊರ ಪಕ್ಕಕ್ಕೆ ತಳ್ಳಿ ಹಾಳೆ ತಿರುವಿದರು. ಕೈಯಲ್ಲಿದ್ದ ಕಾಯಿ ಪುಸ್ತಕದೊಳಗೆ ಬಿದ್ದದ್ದು ಆಗಲೇ ಇರಬೇಕು. ಟೀವಿಯಲ್ಲಿ ಯಾರೋ ಸಾಯುತ್ತಿದ್ದರು. ಅತ್ತೆ ರಿಮೋಟ್ ಎತ್ತಿ ಅವರನ್ನು ಆರಿಸಿದರು. ಸೌಟು ಹಿಡಿದು ಗೆದ್ದವಳಂತೆ ನಿಂತಿದ್ದ ನನ್ನ ಕಡೆ ನೋಡಿ ಹೇಳಿದರು:

"ಸೋತೆ. ಆದ್ರೆ ನಿಂಗಲ್ಲ."

ಮೇಕೆ ಆ ವಾರ ಪ್ರತಿ ಸಂಜೆ ಬಸ್ಸು ಹತ್ತಿತು. ಅದರ ಬೆನ್ನಿಗೆ ಬೇರೆ ಪುಸ್ತಕಗಳು ಬಂದವು, ಎಲ್ಲ ಕಯಲ್ ಆರಿಸಿದ್ದು, ಅತ್ತೆಯ ಮೊರದ ಮುಂದೆ ಪರೀಕ್ಷೆ ಬರೆದದ್ದು. ಪಕ್ಕದ ಮನೆಗಳ ಹೆಂಗಸರು ತಮ್ಮ ಮೊರ ಎತ್ತಿಕೊಂಡು ಬರತೊಡಗಿದರು. ಕೆಲಸ ಕೆಡುತ್ತದೆಂದು ಮಂಡಿಯವರು ಬೈದರೆ, "ನೀವೂ ಬನ್ನಿ, ಕೇಳಿ" ಎಂದರು ಅತ್ತೆ. ನನ್ನ ಮನೆಯವರು ಒಂದು ಸಂಜೆ ಕಂಡಕ್ಟರ್ ಪಾತ್ರ ಮಾಡಿ ತಾಯಿಯಿಂದ ನಿಜವಾಗಿಯೂ ಬೈಸಿಕೊಂಡರು. ಕಯಲ್ ಈಗ ದಿಂಡಿಗಲ್ಲಿನಲ್ಲಿ ನರ್ಸಿಂಗ್ ಓದುತ್ತಾಳೆ, ಅಜ್ಜಿಗೆ ಫೋನು ಮಾಡಿದರೆ ಮೊದಲ ಮಾತು, "ಏ ಅವ್ವಾ, ಉಂಡ್ಯಾ?"

ಇದನ್ನೆಲ್ಲ ಸೆಲ್ವಿಗೆ ಹೇಳಿದರೆ ಅವಳು, "ಅದಿರಲಿ ದೊಡ್ಡಮ್ಮಾ, ಹೆಸರು ಹೇಳು" ಎಂದಳು. ನಾನೂ ನಾಲ್ಕು ಪುಸ್ತಕ ಜೋಡಿಸಿದೆ, ಮೇಕೆಯೇ ಮೇಲೆ. ನಿಲಾ ಅವನ್ನು ಮುಟ್ಟಲೇ ಇಲ್ಲ. ಬೀರುವಿನ ತಳದಿಂದ, ಹಳೆಯ ಕ್ಯಾಲೆಂಡರಿನಡಿಯಿಂದ, ಒಂಟಿ ಚಪ್ಪಲಿಯೊಂದು ತನ್ನ ಜೋಡಿ ಹುಡುಕಿಕೊಂಡು ಹೋಗುವ ಪುಸ್ತಕ ಎಳೆದಳು. ಇಂಥದೊಂದು ನಮ್ಮಲ್ಲಿತ್ತೆಂಬುದೇ ನನಗೆ ಮರೆತುಹೋಗಿತ್ತು. "ಅದು ಬೇಡಮ್ಮಾ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಸಾರಿಗೆಂದು ಅವರೆಕಾಯಿ ಸುಲಿಯುತ್ತ ಕೂತೆ.

ಅವಳಿಗೆ ಓದು ಇನ್ನೂ ಬಾರದು. ಚಿತ್ರ ನೋಡಿಕೊಂಡು, ತಮಿಳು ಸ್ವಲ್ಪ, ಮನೆಮಾತು ಸ್ವಲ್ಪ, ತಾನೇ ಹೆಣೆಯುತ್ತಿದ್ದಳು. "ಚೆಪ್ಪಲಿ ಅಳ್ತಾ ಅದೆ. ಆ ನಾಯಿ ತಗಂಡು ಹೋಯ್ತಾ? ಇಲ್ಲ. ನಾಯಿ ವಾಯಿಲಿ ಮೂಳೆ ಅದೆ. ಜೋಡಿ ಯಾರ ಹತ್ರ ಅದೆ ತೆರಿಯುಮಾ, ಗೊತ್ತಾ?" ಎಂದು ಪುಸ್ತಕ ಎದೆಗವಚಿಕೊಂಡು ನಮ್ಮೆಲ್ಲರ ಮುಖ ನೋಡಿದಳು.

ಮೂಲೆಯ ಮಂಚದಿಂದ ಅತ್ತೆಯ ಧ್ವನಿ ಬಂತು. ಈಗ ಅವರಿಗೆ ಕಣ್ಣು ಮಂಜು. ಆದರೆ ತಟ್ಟೆಗೆ ಕಾಳು ಬೀಳುವ ಸದ್ದು ಕೇಳಿಸುತ್ತದೆ, ಬೀಳದಿದ್ದರೂ ಕೇಳಿಸುತ್ತದೆ.

"ಏನ್ ಸೊಸೆ, ಕೈ ನಿಂತೋಯ್ತಾ?"

ಕೆಳಗೆ ನೋಡಿದೆ. ಅರ್ಧ ಸುಲಿದ ಅವರೆಕಾಯಿ ಬೆರಳಲ್ಲೇ ಇತ್ತು.

"ನಿಂತೋಯ್ತು ಅತ್ತೆ."

"ಹಂಗಾರೆ ಆ ಮೇಕೆನ ಒಳಗಿಡು. ಮಗೂಗೆ ಚೆಪ್ಪಲಿ ಕೊಟ್ಟು ಕಳ್ಸು," ಎಂದರು ಅತ್ತೆ, ಮಂಚದ ಅಂಚಿಗೆ ಸರಿಯುತ್ತ. "ಇರು, ಈಗ್ಲೇ ಬ್ಯಾಡ. ಆ ಜೋಡಿ ಯಾರ ಹತ್ರ ಅದೆ, ಮೊದ್ಲು ಅದು ಹೇಳ್ಲಿ."