ಕೆಂಪು ಇರಲಿಲ್ಲ ಎಂದವರು

ಅವರ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ವರ್ಷಾನುಗಟ್ಟಲೆ ವಾಟರ್ ಪೇಪರ್ ಎಂಬ ಉಜ್ಜುಕಾಗದ ಹಿಡಿದು, ಗಾಡಿಗಳ ಮೈಗೆ ನೀರು ಹಾಕಿ ಉಜ್ಜಿ ಉಜ್ಜಿ, ಗಾಡಿಯ ಜೊತೆಗೆ ತಮ್ಮ ಚರ್ಮವನ್ನೂ ನುಣುಪು ಮಾಡಿಕೊಂಡಿದ್ದರು. ರೇಷನ್ ಅಂಗಡಿಯ ಮೆಷಿನು ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿ, ಕೊನೆಗೆ ಅಂಗಡಿಯವನ ಮೇಲೆ ರೇಗಿ, ಚೀಲವನ್ನು ಖಾಲಿಯೇ ಹಿಡಿದುಕೊಂಡು ಬರುತ್ತಿದ್ದರಂತೆ. "ಸರಕಾರದ ಪ್ರಕಾರ ನಾನು ಹುಟ್ಟಲೇ ಇಲ್ಲ. ಒಳ್ಳೇದಾಯ್ತು," ಎನ್ನುತ್ತಿದ್ದರು. ಎರಡೂ ಕೈಯ ಬೆರಳು ಹಾಗಿದ್ದವೋ ಬಲಗೈಯದು ಮಾತ್ರವೋ ಎಂದು ಈಗ ಯಾರಾದರೂ ಕೇಳಿದರೆ ಖಚಿತವಾಗಿ ಹೇಳಲಾರೆ. ನನ್ನ ನೆನಪಿನ ಬಗ್ಗೆ ನನಗೆ ಮೊದಲೇ ಗೌರವ ಕಡಿಮೆ. ಇದ್ದಷ್ಟನ್ನೂ ಕೆರೆದು ತೆಗೆದವರು ಅವರು.

ಆಲಂಕಾರು ಪೇಟೆಯಿಂದ ಸ್ವಲ್ಪ ಮುಂದೆ, ಕಡಬಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಶೆಡ್ಡು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಪೇಂಟರು. ಜೀಪು, ಪಿಕಪ್ಪು, ಶಾಲೆಯ ಬಸ್ಸು, ಯಾವುದು ಬಂದರೂ ಬಣ್ಣ ಹೊಡೆಯುತ್ತಿದ್ದರು. ಬಂದವರನ್ನು ಮನುಷ್ಯರ ಹಾಗೆ ಮಾತ್ರ ಕಾಣುತ್ತಿರಲಿಲ್ಲ.

ಸತ್ತವರ ಬಗ್ಗೆ ಬರೆಯುವಾಗ, ಹೊರಗೆ ಒರಟು ಒಳಗೆ ಬೆಣ್ಣೆ ಎಂದು ಬರೆಯುವ ಒಂದು ಅಭ್ಯಾಸವಿದೆ. ಇವರ ಒಳಗೆ ಬೆಣ್ಣೆ ಇದ್ದದ್ದನ್ನು ನಾನು ನೋಡಿಲ್ಲ. ಪುತ್ತೂರಿನ ಕಂಟ್ರಾಕ್ಟರರೊಬ್ಬರು ಹೊಸ ಜೀಪು ತಂದು ನಿಲ್ಲಿಸಿ, ಬಾನೆಟ್ ಮೇಲೆ ಬಾಯಿ ತೆರೆದ ಹುಲಿಯ ಚಿತ್ರ ಬರೆದುಕೊಡಬೇಕು ಎಂದಾಗ ನಾನು ಅಲ್ಲೇ ಇದ್ದೆ.

"ಹುಲಿವೇಷ ಹಾಕುದು ನವರಾತ್ರಿಗೆ," ಎಂದರು ಪೇಂಟರು, ತಲೆ ಎತ್ತದೆ.

"ಹಾಗಲ್ಲ, ನೋಡುವವರಿಗೆ ಒಂದು ಗತ್ತು ಇರ್ಬೇಕಲ್ಲ?"

"ಹಾಗಾದ್ರೆ ನೀವೇ ಬಾನೆಟ್ ಮೇಲೆ ಕೂತ್ಕೊಳ್ಳಿ ಮಾರಾಯ್ರೆ. ನನ್ನ ಬಣ್ಣ ಉಳೀತದೆ."

ಕಂಟ್ರಾಕ್ಟರರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು. ನಾನು ನಕ್ಕೆ. ನನ್ನ ಸರದಿ ಬರುತ್ತದೆ ಎಂದು ಆಗ ಹೊಳೆಯಲಿಲ್ಲ.

ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದಿದೆ. ಅದು ಇತಿಹಾಸದಲ್ಲಿ ಪಡೆದದ್ದು. ಹಳ್ಳಿಯ ಹಿರಿಯರು ಹೇಳುವ ಹಳೆಯ ಸಂಗತಿಗಳನ್ನು ಏಕೆ ನಂಬಬಾರದು ಎಂಬುದು ನನ್ನ ಪ್ರಬಂಧದ ವಿಷಯ. ಪೇಂಟರಿಗೆ ಇದು ಗೊತ್ತಾದದ್ದು ಎರಡನೇ ಭೇಟಿಯಲ್ಲಿ. ಅವರಿಗೆ ಆಗಲೇ ಕೆಮ್ಮು ಇತ್ತು. ಮೂಗಿಗೆ ಹೆಗಲ ಮೇಲಿನ ಬೈರಾಸು ಸುತ್ತಿಕೊಳ್ಳುವುದು ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. "ಡಾಕ್ಟ್ರಂತಲ್ಲ ನೀವು, ಇದಕ್ಕೆ ಎಂತಾದ್ರೂ ಉಂಟಾ?" ಎಂದು ಎದೆ ತಟ್ಟಿ ತೋರಿಸಿದರು. ನಾನು ಆ ಡಾಕ್ಟರಲ್ಲ, ಪುಸ್ತಕದ ಡಾಕ್ಟರು ಎಂದೆ. ಒಂದು ಕ್ಷಣ ನನ್ನನ್ನೇ ನೋಡಿ, "ಓ, ಔಷಧಿ ಇಲ್ಲದ್ದು," ಎಂದು ಕೆಲಸಕ್ಕೆ ತಿರುಗಿದರು. ಅಂದಿನಿಂದ ನಾನು ಅವರ ಬಾಯಲ್ಲಿ ಮಾಷ್ಟ್ರು.

ನಾನು ಅವರಲ್ಲಿಗೆ ತಂದದ್ದು ಒಂದು ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು. ಇಬ್ಬರು ಮಾತ್ರ ಕೂರಬಹುದು, ನೆಲಕ್ಕೆ ಹತ್ತಿರ, ತಲೆಯ ಮೇಲೆ ಮಡಚುವ ಬಟ್ಟೆಯ ಹೊದಿಕೆ. ಸುಳ್ಯದಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ನನ್ನ ಅಪ್ಪ ಅದನ್ನು ಮಡಿಕೇರಿ ಕಡೆಯ ಕಾಫಿ ತೋಟದವರೊಬ್ಬರಿಂದ ಕೊಂಡಿದ್ದರು. ನನಗೆ ಐದು ತುಂಬುವ ಮೊದಲೇ ಅಪ್ಪ ತೀರಿಕೊಂಡರು. ಆಗ ಬೊಂಬಾಯಿಯಿಂದ ಬಂದ ಚಿಕ್ಕಪ್ಪ ಮತ್ತೆ ಅಲ್ಲಿಗೆ ಹೋಗಲಿಲ್ಲ. ಕಾರಿಗೆ ನೀಲಿ ಬಣ್ಣ ಹೊಡೆಸಿ, ಕೆಲವು ವರ್ಷ ಓಡಿಸಿ, ಆಮೇಲೆ ಸುಳ್ಯದ ಹತ್ತಿರದ ಅಜ್ಜಾವರದ ಮನೆಯ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಅದು ಅಲ್ಲಿ ನಿಂತೇ ಇತ್ತು, ನಾನು ಎರಡು ಊರುಗಳ ಎರಡು ಕಾಲೇಜುಗಳ ಕೆಲಸ ಬಿಟ್ಟು ಬರುವವರೆಗೆ.

ಅಪ್ಪನದೆಂದು ನನ್ನಲ್ಲಿರುವುದು ಒಂದೇ ನೆನಪು. ಮುಂದೆ ಉದ್ದಕ್ಕೂ ಕೆಂಪು ಬಾನೆಟ್. ಸ್ಟೇರಿಂಗ್ ಮೇಲೆ ಒಂದು ಕೈ, ಮಣಿಕಟ್ಟಿನಲ್ಲಿ ಸ್ಟೀಲ್ ಪಟ್ಟಿಯ ವಾಚು. ಸೇತುವೆ, ಕೆಳಗೆ ಹೊಳೆ, ಪೆಟ್ರೋಲಿನ ವಾಸನೆ. ಮುಖ ಇಲ್ಲ. ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ಕೆಂಪು ಎಲ್ಲಿತ್ತು ಮಾರಾಯ? ನೀಲಿ. ನಿನ್ನನ್ನು ಕೂರಿಸಿಕೊಂಡು ಹೋದವ ನಾನು. ಅಣ್ಣ ಅದನ್ನು ಬಿಚ್ಚಿ ಹಾಕಿದ್ದು ಮಾತ್ರ; ನಾನು ಬರುವಾಗ ಎಂಜಿನ್ ನೆಲದಲ್ಲಿತ್ತು. ಓಡಿಸಿದ್ದೇ ಇಲ್ಲ. ನಾನೂ ಹೊಸ ಬಣ್ಣ ಹೊಡೆಸದೆ ಅದರಲ್ಲಿ ಕೂತವನಲ್ಲ."

ಅಂದರೆ ಬಾನೆಟ್ ನೀಲಿಯಾಗಿದ್ದರೆ ಆ ಕೈ ಚಿಕ್ಕಪ್ಪನದು. ಕೆಂಪಾಗಿದ್ದರೆ ಮಾತ್ರ ಅಪ್ಪನದು. ಬಣ್ಣ ತಪ್ಪಾದರೆ ನನಗೆ ಅಪ್ಪನೇ ಇಲ್ಲ.

ಇದನ್ನು ಪೇಂಟರಿಗೆ ಹೇಳಲು ನನಗೆ ನಾಚಿಕೆಯಾಯಿತು. ನಲವತ್ತೆಂಟು ವರ್ಷದ ಗಂಡಸು ಗ್ಯಾರೇಜಿನಲ್ಲಿ ನಿಂತು ಅಪ್ಪನ ಕಥೆ ಹೇಳುವುದೇ? "ಚಾರಿತ್ರಿಕವಾಗಿ ಸರಿಯಾದ ಬಣ್ಣ ಬೇಕು, ಅದು ಕೆಂಪು ಎಂದು ನನ್ನ ಮಾಹಿತಿ," ಎಂದೆ. ಅವರ ಬಣ್ಣದ ಪಟ್ಟಿಯಲ್ಲಿ ತುಟಿಗೆ ಹಚ್ಚುವ ಹಾಗಿದ್ದ ಒಂದು ಕೆಂಪನ್ನು ತೋರಿಸಿದೆ. ಸ್ಪೋರ್ಟ್ಸ್ ಕಾರು ಎಂದರೆ ಆ ಕೆಂಪೇ ಎಂದು ನನ್ನ ತಲೆಯಲ್ಲಿತ್ತು.

"ಮಾಹಿತಿ," ಎಂದರು ಪೇಂಟರು, ಬಾಯಿಯಲ್ಲಿ ಕಲ್ಲು ಸಿಕ್ಕಿದವರ ಹಾಗೆ. "ಕಾರಿನ ಹತ್ರವೇ ಕೇಳುವ."

ಬಾಗಿಲಿನ ಒಂದು ಮೂಲೆಯನ್ನು ಹಿಡಿದು, ನೀರು ಚಿಮುಕಿಸಿ, ವಾಟರ್ ಪೇಪರನ್ನು ಬೆರಳಿಗೆ ಸುತ್ತಿ ದುಂಡಗೆ ಉಜ್ಜತೊಡಗಿದರು. ಕಣ್ಣು ಮುಚ್ಚಿದ್ದರು. ನೋಡುತ್ತ ಉಜ್ಜಿದರೆ ಕೈಗೆ ಆತುರ ಬರುತ್ತದೆ ಎನ್ನುವುದು ಅವರ ವಾದ. ಸುಮಾರು ಹೊತ್ತಾದ ಮೇಲೆ ಒರೆಸಿ ತೋರಿಸಿದರು. ಕೊಳಕ್ಕೆ ಕಲ್ಲು ಹಾಕಿದಾಗ ಏಳುವ ಹಾಗೆ ಸುತ್ತು ಸುತ್ತಾಗಿ ಬಣ್ಣಗಳು ಕಂಡವು. ಹೊರಗೆ ನೀಲಿ. ಅದರ ಒಳಗೆ ತೆಳ್ಳಗೆ ಇಟ್ಟಿಗೆಯಂಥ ಒಂದು ಸುತ್ತು. ಅದರ ಒಳಗೆ ಕ್ರೀಮ್. ನಡುವೆ ತಗಡು.

"ಇದು?" ಎಂದು ಇಟ್ಟಿಗೆ ಬಣ್ಣದ ಸುತ್ತಿಗೆ ಬೆರಳಿಟ್ಟೆ.

"ರೆಡ್ ಆಕ್ಸೈಡ್. ಪ್ರೈಮರ್. ಬಣ್ಣ ಹಿಡೀಲಿಕ್ಕೆ ಅಡಿಗೆ ಹೊಡೆಯುದು. ಎಲ್ಲ ಗಾಡಿಗೂ ಉಂಟು, ಯಾರಿಗೂ ಕಾಣುದಿಲ್ಲ. ಅದು ಬಣ್ಣ ಅಲ್ಲ." ಆಮೇಲೆ ತೀರ್ಪು ಹೇಳುವವರ ಹಾಗೆ, "ಈ ಕಾರಿಗೆ ಕೆಂಪು ಇರಲಿಲ್ಲ ಮಾಷ್ಟ್ರೇ. ಮೊದಲು ಕ್ರೀಮ್, ಮತ್ತೆ ನೀಲಿ. ಕ್ರೀಮ್ ಹೊಡೆಯುವ," ಎಂದರು.

ನಾನು ಒಪ್ಪಲಿಲ್ಲ. ಒಂದು ಮೂಲೆಯಿಂದ ಇಡೀ ಕಾರಿನ ಬಗ್ಗೆ ಹೇಳಬಹುದೇ, ನಡುವೆ ಯಾರಾದರೂ ಬಣ್ಣ ಕೆರೆದಿದ್ದರೆ ಎಂದೆಲ್ಲ ತರ್ಕ ಹೂಡಿದೆ. ಅವರು ಬಕೆಟ್ಟಿನ ನೀರು ಚೆಲ್ಲಿ ಚಹಾ ಕುಡಿಯಲು ಹೋದರು. ಆಗ ನಾನೊಂದು ಕೀಳು ಕೆಲಸ ಮಾಡಿದೆ. ಜೇಬಿನ ಕತ್ತಿಯಿಂದ ಬಣ್ಣದ ಒಂದು ಚಕ್ಕೆ ಎಬ್ಬಿಸಿ ಲಕೋಟೆಗೆ ಹಾಕಿಕೊಂಡೆ. ಮಂಗಳೂರಿನಲ್ಲಿ ರಸಾಯನಶಾಸ್ತ್ರ ಕಲಿಸುವ ಗೆಳೆಯನಿಗೆ ಕಳಿಸುವ ಯೋಚನೆ. ತಲೆ ಎತ್ತಿದರೆ ಪೇಂಟರು ಚಹಾದ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಪರೀಕ್ಷೆಗೆ ಕಳಿಸುದಾ?"

ನಾನು ಲಕೋಟೆಯನ್ನು ಜೇಬಿಗೆ ತುರುಕಿದೆ.

"ಕಳಿಸಿ, ಕಳಿಸಿ. ನನ್ನ ಕಣ್ಣು ಪಾಸಾ ಫೇಲಾ ಅಂತ ನನಗೂ ಗೊತ್ತಾಗ್ಲಿ."

ಗೆಳೆಯನಿಂದ ಉತ್ತರ ಬಂತು: ಕಬ್ಬಿಣದ ಆಕ್ಸೈಡ್ ಇದೆ, ಸಾಮಾನ್ಯ ಪ್ರೈಮರು, ಬೇರೆ ಕೆಂಪು ಇಲ್ಲ. ಅಷ್ಟರಲ್ಲಿ ಪೇಂಟರು ಕಾರನ್ನು ಉದ್ದಕ್ಕೂ ಕೆರೆದು, ತಗಡು ಬೆಳ್ಳಗೆ ಕಾಣುವ ಹಾಗೆ ಬೋಳು ಮಾಡಿ ನಿಲ್ಲಿಸಿದ್ದರು. ಮುಂದಿನ ಮಡ್‌ಗಾರ್ಡುಗಳಲ್ಲಿ ತುಕ್ಕು ಇತ್ತು, ಕೆರೆಯದೆ ಬೇರೆ ದಾರಿ ಇರಲಿಲ್ಲ ಎಂದರು. ಸಿಟ್ಟಿಗೆ ಮಾಡಿದ್ದೆಂದು ನಾನು ಅಂದುಕೊಂಡೆ. ಇಂದಿಗೂ ಗೊತ್ತಿಲ್ಲ.

ಕೆಲಸ ಮಾತ್ರ ಅವರ ಹಾಗೆ ಮಾಡಿದವರನ್ನು ನಾನು ಕಂಡಿಲ್ಲ. ಮಳೆಗಾಲ ಪೂರ್ತಿ ಬಣ್ಣ ಸಿಂಪಡಿಸುವ ಗನ್ನು ಮುಟ್ಟಲಿಲ್ಲ. ಗಾಳಿಯಲ್ಲಿ ನೀರಿರುವಾಗ ಬಣ್ಣ ಹೊಡೆಯುವವರನ್ನು ಅವರು ಕರೆಯುತ್ತಿದ್ದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಡಿಸೆಂಬರಿನಲ್ಲಿ, ರಸ್ತೆಯ ಧೂಳು ಏಳುವ ಮೊದಲು, ನೆಲಕ್ಕೆ ನೀರು ಹೊಡೆದು, ದಿನಕ್ಕೆ ಒಂದೇ ಕೋಟು. ಮುಗಿದ ದಿನ ಕಾರು ಆಗಷ್ಟೇ ಕರೆದ ಹಾಲಿನ ಹಾಗಿತ್ತು. ನಾನು ನೋಡಿ "ಚೆನ್ನಾಗಿದೆ" ಎಂದೆ. ಆ ಬಣ್ಣವನ್ನು ನಾನು ದ್ವೇಷಿಸುತ್ತಿದ್ದೆ ಎಂಬುದು ಅವರಿಗೆ ಗೊತ್ತಾಗಿರಬೇಕು. "ಇಲ್ಲದ್ದನ್ನು ನಾನು ಹೊಡೆಯುದಿಲ್ಲ," ಎಂದರು, ಕೈ ಒರೆಸಿಕೊಳ್ಳುತ್ತ. ಥ್ಯಾಂಕ್ಸನ್ನು ನಾನೂ ಹೇಳಲಿಲ್ಲ, ಅವರೂ ಕಾಯಲಿಲ್ಲ.

ಸುಳ್ಯಕ್ಕೆ ಬರುವಾಗ ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಹಳೆಯ ಕಾರುಗಳ ಹುಚ್ಚಿನ ಕೆಲವರು ಮನೆಗೇ ಬಂದು, ಅದಕ್ಕೆ ಒರಗಿ ನಿಂತು ಫೋಟೊ ತೆಗೆಸಿಕೊಂಡು ಹೋದರು. ನನಗೆ ಮಾತ್ರ ಅದು ಚಿಕ್ಕಪ್ಪನ ಮಾತಿಗೆ ಒತ್ತಿದ ಮುದ್ರೆಯಂತೆ ಕಾಣುತ್ತಿತ್ತು. ನೆನಪು ಸುಳ್ಳು ಹೇಳುತ್ತದೆಂದು ಊರಿಗೆಲ್ಲ ಬೋಧಿಸಿದವನು ನಾನು. ನನ್ನದೂ ಸುಳ್ಳೆಂದಾಗ ಅಳುವುದಕ್ಕೆ ನನಗೆ ಹಕ್ಕಿರಲಿಲ್ಲ.

ನಾಲ್ಕು ಮಳೆಗಾಲ ಕಳೆದ ಮೇಲೆ, ಪೇಂಟರು ಮಲಗಿದ್ದಾರೆ, ಶ್ವಾಸಕೋಶ ಹೋಗಿದೆ ಎಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ರಾಮಕುಂಜದ ಅವರ ಮನೆಗೆ ಹೋದೆ. ಏಕೆ ಹೋದೆನೋ ತಿಳಿಯದು. ಮಂಚದ ಪಕ್ಕ ಆಮ್ಲಜನಕದ ಸಿಲಿಂಡರು, ಮೂಗಿಗೆ ಕೊಳವೆ. ಮನುಷ್ಯ ಅರ್ಧ ಆಗಿದ್ದರು. ನಾಲಿಗೆ ಪೂರ್ತಿ ಇತ್ತು.

"ಕ್ರೀಮಿಗೆ ಗುಳ್ಳೆ ಬಂತಾ?"

"ಇಲ್ಲ."

"ಬರುದಿಲ್ಲ. ನೀವು ಸತ್ತ ಮೇಲೂ ಬರುದಿಲ್ಲ." ಉಸಿರು ಸುಧಾರಿಸಿಕೊಂಡು, "ಕೆಂಪು ಕೆಂಪು ಅಂತ ಅಷ್ಟು ಹಠ ಎಂತಕ್ಕೆ ಇತ್ತು ನಿಮಗೆ?" ಎಂದು ಕೇಳಿದರು.

ಆ ಕೋಣೆಯಲ್ಲಿ ನಾಚಿಕೆಗೆ ಅರ್ಥವಿರಲಿಲ್ಲ. ಹೇಳಿದೆ. ಸೇತುವೆ, ವಾಚು ಕಟ್ಟಿದ ಕೈ, ಚಿಕ್ಕಪ್ಪ ಹೇಳಿದ್ದು, ಎಲ್ಲ. ಪೇಂಟರು ಕಣ್ಣು ಮುಚ್ಚಿ ಕೇಳಿದರು.

"ಎಂಥ ಕೆಂಪು?"

ಅದನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ಹಂಚಿನ ಹಾಗೆ," ಎಂದೆ. ಪಟ್ಟಿಯಲ್ಲಿ ನಾನು ತೋರಿಸಿದ ಕೆಂಪು ಅದಾಗಿರಲಿಲ್ಲ ಎಂಬುದು ಹೇಳುವಾಗಲೇ ಹೊಳೆಯಿತು.

"ಬಾನೆಟ್ ಹೊಳೀತಿತ್ತಾ?"

"ಇಲ್ಲ. ಬಿಸಿಲಿತ್ತು, ಆದರೆ ಕಣ್ಣಿಗೆ ಕುಕ್ಕುತ್ತಿರಲಿಲ್ಲ."

ಅವರು ಕಣ್ಣು ತೆರೆದರು. ಅವರ ಮುಖದಲ್ಲಿ ಇದ್ದದ್ದು ಕರುಣೆ ಎಂದು ಬರೆಯಬಹುದಿತ್ತು. ಅದು ಶುದ್ಧ ಸಿಟ್ಟು. "ಇದನ್ನು ಆಗಲೇ ಬಾಯಿ ಬಿಟ್ಟು ಹೇಳ್ಲಿಕ್ಕೆ ನಿಮಗೆ ಎಂತ ಆಗಿತ್ತು ಮಾರಾಯ್ರೆ? ಚರಿತ್ರೆಯಂತೆ, ಮಾಹಿತಿಯಂತೆ!" ಕೆಮ್ಮು ಬಂತು. ಹೆಂಡತಿ ಒಳಗಿನಿಂದ ಓಡಿ ಬಂದರು. ಅವರನ್ನು ಕೈ ಬೀಸಿ ಕಳಿಸಿ, ತುಂಡು ತುಂಡಾಗಿ ಹೇಳಿದರು.

ಬಾನೆಟ್ಟಿನ ಮೂತಿ ಕೆರೆಯುವಾಗ ನೀಲಿಯ ಅಡಿಯ ಪ್ರೈಮರ್ ಸರಿಯಿರಲಿಲ್ಲವಂತೆ. ಬಿಸಿಲು ತಿಂದು ಹುಡಿಯಾಗಿತ್ತು. ರಸ್ತೆಯ ಕಲ್ಲು ಸಿಡಿದು ಚುಕ್ಕೆ ಚುಕ್ಕೆ ಪೆಟ್ಟು ಬಿದ್ದಿತ್ತು, ಆ ಪೆಟ್ಟುಗಳ ಒಳಗೆ ನೀಲಿ ತುಂಬಿತ್ತು. ಪೆಟ್ಟು ಮೊದಲು, ನೀಲಿ ಆಮೇಲೆ. "ಬಣ್ಣ ಹೊಡೆಯದೆ, ಹೊಳಪಿಲ್ಲದ ಬರೀ ಪ್ರೈಮರಲ್ಲಿ ಓಡಿದ ಗಾಡಿ ಅದು. ಒಂದು ಮಳೆಗಾಲ ಕಂಡಿತ್ತು. ಚಿಕ್ಕಪ್ಪ ಬಣ್ಣ ಹೊಡೆಸದೆ ಕೂತವನಲ್ಲ ಅಂದ್ರೆ ಓಡಿಸಿದ್ದು ಮತ್ತೆ ಯಾರು? ನಿಮ್ಮ ಅಪ್ಪನೇ. ಹಳೇದನ್ನು ಉಜ್ಜಿ, ಪ್ರೈಮರ್ ಹೊಡೆದು, ಬಣ್ಣಕ್ಕೆ ಪುರುಸೊತ್ತಾಗ್ಲಿಲ್ಲ. ಎಂಜಿನ್ ನೆಲಕ್ಕೆ ಇಳಿದದ್ದು ಓಡಿಸಿದ ಮೇಲೆ."

"ನಿಮಗೆ ಆಗಲೇ ಗೊತ್ತಿತ್ತೇ?"

"ಕಂಡದ್ದು ಉಂಟು. ಅದು ನಿಮಗೆ ಬೇಕೂಂತ ನನಗೆ ಎಂತ ಗೊತ್ತು? ಪೇಂಟರಿಗೆ ಪ್ರೈಮರ್ ಲೆಕ್ಕಕ್ಕಿಲ್ಲ." ಮತ್ತೆ ಉಸಿರು. "ನಿಮ್ಮ ಅಪ್ಪನಿಗೆ ಬುದ್ಧಿ ಇರಲಿಲ್ಲ ನೋಡಿ. ಪ್ರೈಮರ್ ನೀರು ಕುಡೀತದೆ, ಮಳೆಯಲ್ಲಿ ಓಡಿಸ್ತಾರಾ ಯಾರಾದ್ರೂ? ಆ ಮಡ್‌ಗಾರ್ಡಿನ ತುಕ್ಕೆಲ್ಲ ಅವರದ್ದೇ ಕೆಲಸ. ಮೂರು ವಾರ ತಿಂದಿದ್ದಾರೆ ನನ್ನದು."

ಅಪ್ಪನನ್ನು ಅಷ್ಟು ಜೀವಂತವಾಗಿ ಬೈದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅದೇ ತಿಂಗಳಲ್ಲಿ ಪೇಂಟರು ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ, "ನೀವು ಬಂದು ಹೋದ ಮೇಲೆ ಎರಡು ದಿನ ನಿಮ್ಮನ್ನು ಬೈಯ್ತಾ ಇದ್ರು," ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ಆದದ್ದನ್ನು ಹೇಳಿದ್ದು.

ನನ್ನ ವಿದ್ಯೆಯ ಪ್ರಕಾರ ಇದರಲ್ಲಿ ಒಂದೂ ನಿಲ್ಲುವುದಿಲ್ಲ. ಆ ಪ್ರೈಮರು ಈಗ ಇಲ್ಲ. ಆಲಂಕಾರಿನ ಶೆಡ್ಡಿನ ನೆಲದಲ್ಲಿ ಹುಡಿಯಾಗಿ, ಬಕೆಟ್ಟಿನ ನೀರಿನಲ್ಲಿ ಹರಿದುಹೋಯಿತು. ಪೆಟ್ಟಿನ ಗುರುತನ್ನು ಅವರು ಬಿಟ್ಟರೆ ಯಾರೂ ನೋಡಿಲ್ಲ. ಇರುವುದು ಕಾಯಿಲೆಯಲ್ಲಿ ಮಲಗಿದ್ದ ಒಬ್ಬ ಮುದುಕರ ಮಾತು. ಅಂಥ ಮಾತನ್ನು ಏಕೆ ನಂಬಬಾರದು ಎಂದೇ ನಾನು ಡಾಕ್ಟರಾದದ್ದು. ಸಾಯುವವರು ಎದುರಿಗಿರುವವರಿಗೆ ಹಿತವಾಗುವುದನ್ನು ಹೇಳುತ್ತಾರೆ ಎಂದು ನಾನೇ ಬರೆದಿದ್ದೇನೆ.

ಆದರೆ ಈ ಮನುಷ್ಯ ತನ್ನ ಇಡೀ ಜೀವಮಾನದಲ್ಲಿ ಎದುರಿಗಿದ್ದ ಒಬ್ಬರಿಗೂ ಹಿತವಾದದ್ದನ್ನು ಹೇಳಿದವರಲ್ಲ. ನನ್ನ ಮೇಲಂತೂ ಅವರಿಗೆ ಮರ್ಯಾದೆ ಎಳ್ಳಷ್ಟೂ ಇರಲಿಲ್ಲ. ಅವರಷ್ಟು ಗಟ್ಟಿಯಾದ ಸಾಕ್ಷಿ ನನಗೆ ಇನ್ನೆಲ್ಲಿ ಸಿಗಬೇಕು? ಹಾಗಾಗಿ ನಂಬಿದ್ದೇನೆ. ಅಪ್ಪ ಆ ಕಾರು ಓಡಿಸಿದ್ದರು. ನಾನು ಪಕ್ಕದಲ್ಲಿ ಕೂತಿದ್ದೆ.